ಭದ್ರಾ ದಂಡೆಯ ನಮ್ಮ ಬ್ಯಾಪ್ಟಿಸ್ಟ್ ಸಭೆ

ನಮ್ಮ ಸಭೆಯ ಚರಿತ್ರೆಯನ್ನು ಬರೆದಿಡಬೇಕೆಂದು ಕಳೆದ ವಾರ್ಷಿಕ ಸಭಾಕೂಟದಲ್ಲಿ ತೀರ್ಮಾನವಾದಾಗ ಆ ಕೆಲಸ ನನ್ನ ಪಾಲಿಗೆ ಬಂತು. ಭದ್ರಾವತಿಯಂಥ ಕಾರ್ಖಾನೆಯ ಊರಿನಲ್ಲಿ, ನೂರೈವತ್ತು ಜನ ಕುಳಿತರೆ ತುಂಬಿಹೋಗುವ ಒಂದು ಹೆಂಚಿನ ಮಂದಿರದ ಚರಿತ್ರೆಗೆ ಅಷ್ಟೇನು ಮಹತ್ವ ಎಂದು ಕೇಳುವವರು ನಮ್ಮೊಳಗೇ ಇದ್ದಾರೆ. ಅವರಿಗೆ ನಾನು ಕೊಡುವ ಉತ್ತರ ಒಂದೇ: ಪ್ರೊಟೆಸ್ಟಂಟ್ ಕ್ರೈಸ್ತರ ಒಂದು ಪಂಗಡವಾದ ಬ್ಯಾಪ್ಟಿಸ್ಟರ ಸಭೆಗೆ (ಚರ್ಚಿಗೆ) ತನ್ನ ಕಥೆಯನ್ನು ತಾನೇ ಕಾಯ್ದುಕೊಳ್ಳದೆ ಬೇರೆ ಗತಿಯಿಲ್ಲ. ಶಿವಮೊಗ್ಗದ ಕ್ಯಾಥೋಲಿಕರಿಗೆ 1988ರಲ್ಲಿ ಸ್ಥಾಪನೆಯಾದ ಧರ್ಮಪ್ರಾಂತವಿದೆ, ಅಂದರೆ ಬಿಷಪರ ಆಡಳಿತ ಪ್ರದೇಶವಿದೆ. ಅದಕ್ಕೂ ಹಿಂದಿನ ಕಾಗದಪತ್ರಗಳು ಚಿಕ್ಕಮಗಳೂರು, ಮೈಸೂರು ಧರ್ಮಪ್ರಾಂತಗಳಲ್ಲಿ ಇರುತ್ತವೆ. ಇಂಗ್ಲೆಂಡಿನ ಮೆಥೊಡಿಸ್ಟರ ವೆಸ್ಲಿಯನ್ ಮಿಷನ್ ಕಟ್ಟಿದ ಸಭೆಗಳು 1947ರ ಸೆಪ್ಟೆಂಬರ್ 27ರಂದು ದಕ್ಷಿಣ ಭಾರತ ಸಭೆಯೊಳಗೆ (ಸಿ.ಎಸ್.ಐ.) ಸೇರಿದವು, ಅವುಗಳಿಗೂ ಬಿಷಪರ ಕಚೇರಿಯಿದೆ. ನಮಗೆ ಬಿಷಪರಿಲ್ಲ, ಮೇಲಿನ ಕಚೇರಿಯಿಲ್ಲ. ಸಭೆಯ ಸದಸ್ಯರು ಕೂಡಿ, ಪ್ರಾರ್ಥಿಸಿ, ಕೈಯೆತ್ತಿ ತೆಗೆದುಕೊಂಡ ತೀರ್ಮಾನವೇ ನಮ್ಮಲ್ಲಿ ಕೊನೆಯ ಮಾತು. ಆ ತೀರ್ಮಾನಗಳನ್ನು ಬರೆದಿಟ್ಟ ನಡಾವಳಿ ಪುಸ್ತಕಗಳು, ದೀಕ್ಷಾಸ್ನಾನದ (ನಂಬಿಕೆಗೆ ಬಂದವರನ್ನು ನೀರಿನಲ್ಲಿ ಮುಳುಗಿಸುವ ವಿಧಿಯ) ದಾಖಲೆ, ಸಮಾಧಿಯ ದಾಖಲೆ, ಕಾಣಿಕೆಯ ಲೆಕ್ಕ, ಇವಿಷ್ಟೂ ಒಂದು ಕಬ್ಬಿಣದ ಪೆಟ್ಟಿಗೆಯಲ್ಲಿವೆ. ಮಲೆನಾಡಿನ ಮಳೆಗೂ ಗೆದ್ದಲಿಗೂ ಸಿಕ್ಕು ಇವು ಹಾಳಾದರೆ ನಾವು ಎಲ್ಲಿಂದ ಬಂದೆವೆಂದು ಹೇಳಬಲ್ಲ ಇನ್ನೊಂದು ಕಾಗದ ಈ ಲೋಕದಲ್ಲಿಲ್ಲ.

ನಮ್ಮ ಸಭೆಯನ್ನು ಯಾವ ಮಿಷನರಿಯೂ ಸ್ಥಾಪಿಸಲಿಲ್ಲ. ಕಬ್ಬಿಣದ ಕಾರ್ಖಾನೆಗೆ ಕೂಲಿಗೆ ಬಂದವರು ಸ್ಥಾಪಿಸಿದರು. ಇದನ್ನು ಮೊದಲಿಗೇ ಹೇಳುವುದಕ್ಕೆ ಕಾರಣವಿದೆ. ಕರ್ನಾಟಕದ ಪ್ರೊಟೆಸ್ಟಂಟ್ ಸಭೆಗಳ ಚರಿತ್ರೆಯೆಂದರೆ ಸಾಮಾನ್ಯವಾಗಿ ಮಿಷನ್‌ಗಳ ಚರಿತ್ರೆಯೇ ಆಗಿರುತ್ತದೆ. ಮಂಗಳೂರು, ಧಾರವಾಡ, ಹುಬ್ಬಳ್ಳಿಗಳಲ್ಲಿ 1834ರಿಂದೀಚೆಗೆ ನೆಲೆಗೊಂಡ ಬಾಸೆಲ್ ಮಿಷನ್, ಬಳ್ಳಾರಿ, ಬೆಳಗಾವಿ, ಬೆಂಗಳೂರುಗಳಲ್ಲಿ ಕೆಲಸ ಮಾಡಿದ ಲಂಡನ್ ಮಿಷನ್, ಹಳೆಯ ಮೈಸೂರಿನ ಕನ್ನಡ ಪ್ರದೇಶಗಳಲ್ಲಿ ಶಾಲೆ, ಮುದ್ರಣಾಲಯ, ಆಸ್ಪತ್ರೆಗಳನ್ನು ನಡೆಸಿದ ವೆಸ್ಲಿಯನ್ ಮಿಷನ್, ಇವುಗಳ ವಾರ್ಷಿಕ ವರದಿಗಳೇ ಇತಿಹಾಸಕಾರರಿಗೆ ಆಧಾರ. ಒಬ್ಬರು ಕೆಲಸ ಮಾಡುವ ಸೀಮೆಯೊಳಗೆ ಇನ್ನೊಬ್ಬರು ಕಾಲಿಡಬಾರದೆಂಬ ಒಪ್ಪಂದ ಈ ಮಿಷನ್‌ಗಳ ನಡುವೆ ಇದ್ದುದರಿಂದ, ಬ್ಯಾಪ್ಟಿಸ್ಟರ ದೊಡ್ಡ ಕ್ಷೇತ್ರಗಳು ಬಂಗಾಳ, ಒಡಿಶಾ, ಈಶಾನ್ಯದ ಬೆಟ್ಟಗಳು ಮತ್ತು ತೆಲುಗು ಕರಾವಳಿಯಲ್ಲಿ ಉಳಿದವು. ಮಲೆನಾಡಿನಲ್ಲಿ ಬ್ಯಾಪ್ಟಿಸ್ಟರು ಇದ್ದಾರೆಂದರೆ ಅವರು ಬಂದದ್ದು ಬೋಧಿಸುವುದಕ್ಕಲ್ಲ, ದುಡಿಯುವುದಕ್ಕೆ.

ನನ್ನ ಅಜ್ಜನ ತಂದೆತಾಯಿಗಳು ಆಂಧ್ರದ ಒಂಗೋಲಿನ ಕಡೆಯವರು. 1876ರಿಂದ 78ರವರೆಗಿನ ಮಹಾ ಬರಗಾಲ ಮೈಸೂರು ಸಂಸ್ಥಾನವನ್ನು ಹೇಗೆ ಹಿಂಡಿತೋ ಹಾಗೆಯೇ ತೆಲುಗು ಸೀಮೆಯನ್ನೂ ಹಿಂಡಿತು. ಆಗ ಒಂಗೋಲಿನಲ್ಲಿದ್ದ ಅಮೆರಿಕನ್ ಬ್ಯಾಪ್ಟಿಸ್ಟ್ ಮಿಷನರಿ ಜಾನ್ ಕ್ಲಫ್ ಅವರಿಗೆ ಭೂಮಾಪನದ ಅನುಭವವಿತ್ತು; ಅವರು ಬಕಿಂಗ್‌ಹ್ಯಾಮ್ ಕಾಲುವೆಯ ಒಂದು ಭಾಗವನ್ನು ಅಗೆಯುವ ಗುತ್ತಿಗೆಯನ್ನು ತಾವೇ ಹಿಡಿದು ಹಸಿದವರಿಗೆ ಕೂಲಿ ಕೊಟ್ಟರು. ಆ ಅವಧಿಯಲ್ಲಿ ಅವರು ಯಾರಿಗೂ ದೀಕ್ಷಾಸ್ನಾನ ಕೊಡಲಿಲ್ಲವೆಂಬುದು ನನ್ನ ಮಟ್ಟಿಗೆ ಇಡೀ ಪ್ರಸಂಗದ ಮುಖ್ಯ ಅಂಶ. ಅನ್ನಕ್ಕಾಗಿ ಬಂದವರು ಯಾರು, ನಂಬಿಕೆಯಿಂದ ಬಂದವರು ಯಾರು ಎಂಬುದು ಬರ ಮುಗಿದ ಮೇಲೆ ತಿಳಿಯಲಿ ಎಂದು ಅವರು ಕಾದರು. ಬರ ಇಳಿದ ಮೇಲೂ ಜನ ಬಿಡಲಿಲ್ಲ. 1878ರ ಜುಲೈ 3ರಂದು ಗುಂಡ್ಲಕಮ್ಮಾ ನದಿಯಲ್ಲಿ ಆರು ಮಂದಿ ಬೋಧಕರು, ಒಂದು ಬಾರಿಗೆ ಇಬ್ಬರಂತೆ ನೀರಿಗಿಳಿದು, ಒಂದೇ ದಿನದಲ್ಲಿ 2,222 ಜನರಿಗೆ ದೀಕ್ಷಾಸ್ನಾನ ಕೊಟ್ಟರು. ಹಾಗೆ ನೀರಿಗಿಳಿದವರಲ್ಲಿ ಬಹುಪಾಲು ಜನ ಮಾದಿಗ ಸಮುದಾಯದವರು; ಊರ ಬಾವಿಯ ನೀರನ್ನು ಮುಟ್ಟುವ ಹಕ್ಕಿಲ್ಲದಿದ್ದವರು.

ಅವರ ಮಕ್ಕಳು ಮೊಮ್ಮಕ್ಕಳು ಭದ್ರೆಯ ದಂಡೆಗೆ ಬಂದದ್ದು ಕಬ್ಬಿಣದ ಕಾರಣಕ್ಕೆ. ಬೆಂಕಿಪುರವೆಂದು ಕರೆಸಿಕೊಳ್ಳುತ್ತಿದ್ದ ಈ ಊರಿನಲ್ಲಿ 1918ರಲ್ಲಿ ಮೈಸೂರು ಸರ್ಕಾರ ಕಾರ್ಖಾನೆಯ ಕೆಲಸವನ್ನು ಕೈಗೆತ್ತಿಕೊಂಡಿತು, 1923ರಲ್ಲಿ ಊದುಕುಲುಮೆ ಉರಿಯತೊಡಗಿತು, ಆಡಳಿತದ ಹೊಣೆ ಸರ್ ಎಂ. ವಿಶ್ವೇಶ್ವರಯ್ಯನವರ ಕೈಗೆ ಬಂತು. ಅದಿರು ಕೆಮ್ಮಣ್ಣುಗುಂಡಿಯಿಂದ ಬರುತ್ತಿತ್ತು. ಕಲ್ಲಿದ್ದಲು ದೂರದ ಮಾತಾದ್ದರಿಂದ ಕುಲುಮೆಗೆ ಮಲೆನಾಡಿನ ಕಾಡಿನ ಇದ್ದಿಲೇ ಇಂಧನವಾಯಿತು. ಆ ಇದ್ದಿಲಿಗಾಗಿ ಮರ ಕಡಿಯುವವರು, ಸಾಗಿಸುವವರು, ಟ್ರಾಮ್ ಹಳಿ ಹಾಕುವವರು, ಗೂಡು ಕಾಯುವವರು ನೂರಾರು ಸಂಖ್ಯೆಯಲ್ಲಿ ಬೇಕಾದರು. ಸುತ್ತಲಿನ ಹಳ್ಳಿಗಳ ಗದ್ದೆ ತೋಟದ ಜನ ಈ ಕೆಲಸಕ್ಕೆ ಸುಲಭವಾಗಿ ಬರಲಿಲ್ಲ. ಬಂದವರು ತಮಿಳರು, ತೆಲುಗರು, ಬಯಲುಸೀಮೆಯ ಕನ್ನಡಿಗರು. 1936ರಲ್ಲಿ ಮೈಸೂರು ಕಾಗದ ಕಾರ್ಖಾನೆ ಸ್ಥಾಪನೆಯಾದ ಮೇಲೆ ಇನ್ನಷ್ಟು ಜನ ಸೇರಿಕೊಂಡರು.

ಇಂಥ ಜನರಲ್ಲಿ ಕೆಲವು ಕುಟುಂಬಗಳು ಸಂಜೆಯ ಹೊತ್ತು ಒಂದು ಲೈನ್ ಮನೆಯಲ್ಲಿ ಕೂಡಿ ಪ್ರಾರ್ಥಿಸಿದ್ದೇ ನಮ್ಮ ಸಭೆಯ ಆರಂಭ. ಸಭಾಪಾಲಕರಿರಲಿಲ್ಲ. ಓದಬಲ್ಲವನೊಬ್ಬ ತೆಲುಗು ಸತ್ಯವೇದವನ್ನು ಓದುತ್ತಿದ್ದ, ಇನ್ನೊಬ್ಬ ಅದನ್ನು ತಮಿಳಿನಲ್ಲಿ ಹೇಳುತ್ತಿದ್ದ, ಹೆಂಗಸರು ಕೀರ್ತನೆ ಹಾಡುತ್ತಿದ್ದರು. ಮೊದಲ ನಡಾವಳಿ ಪುಸ್ತಕದ ಆರಂಭದ ಪುಟಗಳಲ್ಲಿ ದೊಡ್ಡ ದೈವಜ್ಞಾನವೇನೂ ಇಲ್ಲ. ಆರಾಧನೆಯ ಹೊತ್ತು ಯಾವುದಿರಬೇಕು ಎಂಬುದೇ ಅಲ್ಲಿ ಮತ್ತೆ ಮತ್ತೆ ಚರ್ಚೆಗೆ ಬಂದಿದೆ. ಕುಲುಮೆಗೆ ಭಾನುವಾರವೆಂಬುದಿಲ್ಲ; ಅದು ಒಮ್ಮೆ ಹೊತ್ತಿತೆಂದರೆ ಹಗಲಿರುಳೂ ಉರಿಯಬೇಕು, ಪಾಳಿಯವರು ಹೋಗಲೇಬೇಕು. ಬೆಳಗಿನ ಪಾಳಿಯವರಿಗೆ ಬೆಳಗಿನ ಆರಾಧನೆ ತಪ್ಪುತ್ತದೆ, ರಾತ್ರಿ ಪಾಳಿ ಮುಗಿಸಿ ಬಂದವರು ನಿದ್ದೆಗಣ್ಣಿನಲ್ಲಿ ಕುಳಿತಿರುತ್ತಾರೆ. ಕೊನೆಗೆ ಬೆಳಿಗ್ಗೆ ಒಂದು, ಸಂಜೆ ಒಂದು ಆರಾಧನೆ ಇರಬೇಕೆಂದೂ, ಕರ್ತನ ಭೋಜನವನ್ನು (ಯೇಸುವಿನ ನೆನಪಿಗೆ ರೊಟ್ಟಿ, ದ್ರಾಕ್ಷಾರಸ ಹಂಚಿಕೊಳ್ಳುವ ವಿಧಿಯನ್ನು) ಒಂದು ತಿಂಗಳು ಬೆಳಿಗ್ಗೆ, ಮರುತಿಂಗಳು ಸಂಜೆ ನಡೆಸಬೇಕೆಂದೂ, ಇದರಿಂದ ಯಾರೊಬ್ಬರೂ ಎರಡು ತಿಂಗಳಿಗಿಂತ ಹೆಚ್ಚು ಕಾಲ ಮೇಜಿನಿಂದ ದೂರ ಉಳಿಯಬಾರದೆಂದೂ ಬರೆದಿದ್ದಾರೆ. ಕೈದಪ್ಪಿ ಹೋಗಬಹುದಾದ ಒಬ್ಬ ಕಾರ್ಮಿಕನಿಗಾಗಿ ಇಡೀ ಸಭೆಯ ಕ್ರಮವನ್ನೇ ತಿದ್ದಿಕೊಂಡ ಈ ಬರಹವನ್ನು ಓದಿದಾಗ ನನಗೆ ಆ ಹಿರಿಯರ ಬಗ್ಗೆ ಹುಟ್ಟಿದ ಗೌರವ ದೊಡ್ಡದು.

ಬ್ಯಾಪ್ಟಿಸ್ಟರು ಮಕ್ಕಳಿಗೆ ದೀಕ್ಷಾಸ್ನಾನ ಕೊಡುವುದಿಲ್ಲ. ಮಗು ಹುಟ್ಟಿದಾಗ ಅದನ್ನು ಸಭೆಯ ಮುಂದೆ ತಂದು ದೇವರಿಗೆ ಸಮರ್ಪಿಸುತ್ತಾರೆ, ಅಷ್ಟೇ. ಮುಂದೆ ಬುದ್ಧಿ ಬಂದ ಮೇಲೆ ತನ್ನ ನಂಬಿಕೆಯನ್ನು ತನ್ನ ಬಾಯಿಂದಲೇ ಹೇಳಿಕೊಂಡವರಿಗೆ ಮಾತ್ರ ಪೂರ್ಣವಾಗಿ ನೀರಿನಲ್ಲಿ ಮುಳುಗಿಸಿ ದೀಕ್ಷಾಸ್ನಾನ ಕೊಡುತ್ತಾರೆ. ಸಾಕ್ಷಿ ಹೇಳಿದವರನ್ನು ಸದಸ್ಯರನ್ನಾಗಿ ಸ್ವೀಕರಿಸಬೇಕೇ ಎಂಬುದನ್ನೂ ಸಭೆಯೇ ತೀರ್ಮಾನಿಸುತ್ತದೆ. ಹೀಗಾಗಿ ನಮ್ಮ ದೀಕ್ಷಾಸ್ನಾನದ ದಾಖಲೆಯಲ್ಲಿ ಜನ್ಮದಿನಗಳಿಲ್ಲ. ಇರುವುದು ಬೆಳೆದವರು ತಾವಾಗಿ ಮಾಡಿದ ನಿರ್ಧಾರಗಳು. ಮಂದಿರದೊಳಗೆ ತೊಟ್ಟಿ ಕಟ್ಟುವ ಮೊದಲು ಎಲ್ಲವೂ ಭದ್ರೆಯಲ್ಲೇ ನಡೆಯುತ್ತಿತ್ತು. ದಾಖಲೆಯ ತಿಂಗಳುಗಳನ್ನು ಜೋಡಿಸಿ ನೋಡಿದರೆ ಒಂದು ಕ್ರಮ ಕಾಣುತ್ತದೆ: ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಒಂದು ಹೆಸರೂ ಇಲ್ಲ. ಪಶ್ಚಿಮ ಘಟ್ಟದಲ್ಲಿ ಹೊಯ್ದ ಮಳೆಯೆಲ್ಲ ಕೆಂಪು ನೀರಾಗಿ ಹರಿಯುವ ಆ ತಿಂಗಳುಗಳಲ್ಲಿ ನದಿಗಿಳಿಯುವುದು ಪ್ರಾಣಕ್ಕೇ ಸಂಚಕಾರ. ದಸರೆ ಕಳೆದು ನೀರು ತಿಳಿಯಾದ ಮೇಲೆ ಹೆಸರುಗಳು ಶುರುವಾಗಿ ಯುಗಾದಿಯ ಹೊತ್ತಿಗೆ ಮುಗಿಯುತ್ತವೆ, ಯಾಕೆಂದರೆ ಬೇಸಿಗೆಯಲ್ಲಿ ಮೊಣಕಾಲುದ್ದ ನೀರೂ ಇರುತ್ತಿರಲಿಲ್ಲ. ಲಕ್ಕವಳ್ಳಿಯಲ್ಲಿ ಅಣೆಕಟ್ಟು ಎದ್ದ ಮೇಲೆ ಈ ಲೆಕ್ಕವೂ ಬದಲಾಯಿತು. ಬೇಸಿಗೆ ಬೆಳೆಗೆ ಕಾಲುವೆಯಲ್ಲಿ ನೀರು ಬಿಡುವ ದಿನಗಳನ್ನು ಕೇಳಿಕೊಂಡು ಬರಲು ಒಬ್ಬರನ್ನು ನೇಮಿಸಿದ ಟಿಪ್ಪಣಿಯೂ ಪುಸ್ತಕದಲ್ಲಿದೆ.

ಸಮಾಧಿಯ ದಾಖಲೆ ಮಾತ್ರ ಮನಸ್ಸನ್ನು ಕುಗ್ಗಿಸುತ್ತದೆ. ಡಿಡಿಟಿ ಸಿಂಪಡಣೆ ಬರುವುದಕ್ಕೆ ಮುಂಚಿನ ಮಲೆನಾಡೆಂದರೆ ಚಳಿಜ್ವರದ ನಾಡು. ಮೈಸೂರು ಸರ್ಕಾರ ರಾಕ್‌ಫೆಲರ್ ಪ್ರತಿಷ್ಠಾನದ ನೆರವಿನಿಂದ ಮೂಡಿಗೆರೆ, ಹಿರಿಯೂರು, ನಾಗೇನಹಳ್ಳಿಗಳಲ್ಲಿ ಮಲೇರಿಯಾ ಅಧ್ಯಯನ ಕೇಂದ್ರಗಳನ್ನು ತೆರೆದದ್ದು ಇದೇ ಪೀಡೆಯನ್ನು ತಡೆಯುವುದಕ್ಕೆ. ಬಯಲಿನಿಂದ ಬಂದವರ ಮೈಗೆ ಈ ಜ್ವರದ ಪರಿಚಯವಿರಲಿಲ್ಲ. ಮೊದಲ ದಾಖಲೆ ಪುಸ್ತಕದಲ್ಲಿ ಸತ್ತವರ ಹೆಸರಿನ ಮುಂದೆ ‘ಜ್ವರ’ ಎಂಬ ಒಂದೇ ಮಾತು ಸಾಲುಸಾಲಾಗಿದೆ, ಅದರಲ್ಲೂ ಐದು ವರ್ಷ ದಾಟದ ಮಕ್ಕಳು ಬಹಳ. ಹೆಸರಿಡುವ ಮುನ್ನವೇ ತೀರಿಕೊಂಡ ಶಿಶುಗಳಿಗೆ ತಾಯಿಯ ಹೆಸರನ್ನು ಬರೆದು ‘ಮಗು’ ಎಂದು ಸೇರಿಸಿದ್ದಾರೆ. ಹೂಳುವುದಕ್ಕೆ ಜಾಗ ಸಿಗದೆ ಪಟ್ಟ ಪಾಡು, ಬೇರೊಂದು ಸಭೆಯವರು ತಮ್ಮ ಸ್ಮಶಾನದ ಒಂದು ಮೂಲೆಯನ್ನು ಬಿಟ್ಟುಕೊಟ್ಟ ಉಪಕಾರ, ಅದಕ್ಕೆ ನಮ್ಮ ಹಿರಿಯರು ಬರೆದ ಕೃತಜ್ಞತೆಯ ಪತ್ರದ ನಕಲು, ಇವೆಲ್ಲ ಅದೇ ಪುಸ್ತಕದಲ್ಲಿವೆ. ಆ ಪತ್ರವನ್ನು ಚರಿತ್ರೆಯಲ್ಲಿ ಇಡಿಯಾಗಿ ಅಚ್ಚು ಹಾಕಿಸಬೇಕೆಂಬುದು ನನ್ನ ಆಸೆ.

ನಡಾವಳಿಯಲ್ಲಿ ಅತ್ಯಂತ ದೀರ್ಘವಾದ, ಹಲವು ಕೂಟಗಳವರೆಗೆ ಎಳೆದ ಚರ್ಚೆ ಭಾಷೆಯದು. ಮೊದಲ ತಲೆಮಾರು ತೆಲುಗು ತಮಿಳುಗಳಲ್ಲಿ ಪ್ರಾರ್ಥಿಸಿತು. ಅವರ ಮಕ್ಕಳು ಭದ್ರಾವತಿಯ ಶಾಲೆಗಳಲ್ಲಿ ಕನ್ನಡ ಕಲಿತರು, ಬೀದಿಯಲ್ಲಿ ಕನ್ನಡ ಆಡಿದರು, ಮನೆಯಲ್ಲಿ ತಾಯಿಯ ಮಾತಿಗೆ ಕನ್ನಡದಲ್ಲಿ ಉತ್ತರ ಕೊಟ್ಟರು. ರಾಜ್ಯಗಳ ಪುನರ್ವಿಂಗಡಣೆಯಾದ ನಂತರದ ವರ್ಷಗಳಲ್ಲಿ ಯುವಕರ ಗುಂಪೊಂದು ಆರಾಧನೆ ಕನ್ನಡದಲ್ಲಿ ನಡೆಯಬೇಕೆಂದು ಕೇಳಿತು. ಹಿರಿಯರಿಗೆ ಅದು ನೋವಿನ ಸಂಗತಿಯಾಗಿತ್ತೆಂದು ಟಿಪ್ಪಣಿಗಳ ಧಾಟಿಯಲ್ಲೇ ತಿಳಿಯುತ್ತದೆ. ಹುಟ್ಟಿದೂರನ್ನು, ಹೊಲವನ್ನು, ಬಂಧುಬಳಗವನ್ನು ಬಿಟ್ಟು ಬಂದವರು; ಅವರ ಬಳಿ ಉಳಿದಿದ್ದದ್ದು ಆ ಹಾಡುಗಳು ಮಾತ್ರ. ಒಬ್ಬ ವೃದ್ಧೆ ಎದ್ದು ನಿಂತು, ತನ್ನ ಗಂಡನನ್ನು ಹೂಳುವಾಗ ಹಾಡಿದ ಕೀರ್ತನೆಯನ್ನು ತನ್ನನ್ನು ಹೂಳುವಾಗಲೂ ಹಾಡುವವರಿರಬೇಕು ಎಂದು ಕೇಳಿಕೊಂಡಳೆಂದು ಕಾರ್ಯದರ್ಶಿ ಬರೆದಿದ್ದಾನೆ. ಹೆಣ್ಣುಮಕ್ಕಳ ಮಾತು ಪುಸ್ತಕಕ್ಕೆ ಏರಿದ್ದು ಅಪರೂಪವಾದ ಕಾಲದಲ್ಲಿ ಅವನು ಅದನ್ನು ಬಿಡದೆ ಬರೆದದ್ದು ದೊಡ್ಡ ಉಪಕಾರ. ತೀರ್ಮಾನ ಹೀಗಾಯಿತು: ಪ್ರಸಂಗ, ಪ್ರಾರ್ಥನೆ, ಭಾನುವಾರ ಶಾಲೆ, ನಡಾವಳಿ ಎಲ್ಲವೂ ಕನ್ನಡದಲ್ಲಿ, ಹಳೆಯ ಕೀರ್ತನೆಗಳನ್ನು ಕನ್ನಡ ಲಿಪಿಯಲ್ಲಿ ಬರೆದುಕೊಂಡು ಹಾಡುವುದು. ಆ ಕೈಬರಹದ ಹಾಡಿನ ಪುಸ್ತಕ ಈಗಲೂ ನಮ್ಮಲ್ಲಿದೆ. ತೆಲುಗು ಓದಲು ಬಾರದ ನಾನು ತೆಲುಗು ಕೀರ್ತನೆಗಳನ್ನು ಕಲಿತದ್ದು ಅದರಿಂದಲೇ.

ಈ ತೀರ್ಮಾನಕ್ಕೆ ಇನ್ನೊಂದು ಹಿನ್ನೆಲೆಯಿದೆ, ಅದು ನಮ್ಮ ಯುವಕರಿಗೆ ತಿಳಿದಿರಬೇಕು. ಬ್ಯಾಪ್ಟಿಸ್ಟರಿಗೆ ಕನ್ನಡದ ನಂಟು ಭದ್ರಾವತಿಗೆ ರೈಲು ಬರುವುದಕ್ಕೂ ಎಷ್ಟೋ ಮೊದಲಿನದು. ಬಂಗಾಳದ ಶ್ರೀರಾಮಪುರದಲ್ಲಿದ್ದ ವಿಲಿಯಂ ಕೇರಿ ಬ್ಯಾಪ್ಟಿಸ್ಟ್ ಮಿಷನರಿ. ಕನ್ನಡ ನಾಡಿಗೆ ಒಮ್ಮೆಯೂ ಬಾರದ ಆತ ಪಂಡಿತರ ನೆರವಿನಿಂದ ಕನ್ನಡ ಕಲಿತು ಬೈಬಲಿನ ಹೊಸ ಒಡಂಬಡಿಕೆಯನ್ನು ಅನುವಾದಿಸುತ್ತಿದ್ದರು. 1812ರ ಮಾರ್ಚ್ 11ರ ರಾತ್ರಿ ಅವರ ಮುದ್ರಣಾಲಯಕ್ಕೆ ಬೆಂಕಿ ಬಿದ್ದು, ಸುಟ್ಟುಹೋದ ಹಸ್ತಪ್ರತಿಗಳಲ್ಲಿ ಆ ಕನ್ನಡ ಅನುವಾದವೂ ಸೇರಿತ್ತು. ಅವರು ಎದೆಗುಂದಲಿಲ್ಲ, ಕೆಲಸವನ್ನು ಮತ್ತೆ ಮೊದಲಿನಿಂದ ಹಿಡಿದರು, 1817ರಲ್ಲಿ ಅವರ ಕನ್ನಡ ವ್ಯಾಕರಣ ಅಚ್ಚಾಯಿತು. ಅದೇ ಕಾಲದಲ್ಲಿ ಬಳ್ಳಾರಿಯಲ್ಲಿದ್ದ ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ ಕನ್ನಡದ ಜನರ ನಡುವೆಯೇ ಇದ್ದು ಅನುವಾದ ಮಾಡುತ್ತಿದ್ದರು, ನಮ್ಮ ನಾಡಿನಲ್ಲಿ ಬೇರೂರಿದ್ದು ಅವರ ಮತ್ತು ಅವರ ನಂತರದವರ ಅನುವಾದವೇ. ಹಾಗಿದ್ದರೂ, ಕನ್ನಡದಲ್ಲಿ ಆರಾಧಿಸಲು ತೀರ್ಮಾನಿಸಿದ ಭದ್ರಾವತಿಯ ಕೂಲಿಗಾರರು ತಮ್ಮ ಪರಂಪರೆಯನ್ನು ಬಿಡುತ್ತಿರಲಿಲ್ಲ ಎಂದು ನಾನು ದೃಢವಾಗಿ ನಂಬುತ್ತೇನೆ. ಮನುಷ್ಯನಿಗೆ ಅವನ ಮಾತಿನಲ್ಲೇ ಸುವಾರ್ತೆ ತಲುಪಬೇಕು ಎಂಬುದು ಆ ಪರಂಪರೆಯ ಮೊದಲ ಪಾಠ; ಮಕ್ಕಳ ಮಾತು ಕನ್ನಡವಾಗಿದ್ದಾಗ ಅವರು ಬೇರೆ ಏನು ಮಾಡಬಹುದಿತ್ತು?

ಚರಿತ್ರೆಯಲ್ಲಿ ಹೇಳಲು ಕಷ್ಟವಾದರೂ ಮುಚ್ಚಿಡಬಾರದ ಇನ್ನೊಂದು ವಿಷಯವಿದೆ. 1950ರ ರಾಷ್ಟ್ರಪತಿಗಳ ಆದೇಶದ ಪ್ರಕಾರ ಪರಿಶಿಷ್ಟ ಜಾತಿಯ ಸ್ಥಾನಮಾನ ಹಿಂದೂಗಳಿಗೆ ಮಾತ್ರ ಸೀಮಿತವಾಯಿತು. 1956ರಲ್ಲಿ ಸಿಖ್ಖರನ್ನೂ 1990ರಲ್ಲಿ ಬೌದ್ಧರನ್ನೂ ಅದಕ್ಕೆ ಸೇರಿಸಲಾಯಿತು, ಕ್ರೈಸ್ತರು ಹೊರಗೇ ಉಳಿದರು. ಜಾತಿಯ ಅವಮಾನ ಮಾತ್ರ ದೀಕ್ಷಾಸ್ನಾನದ ನೀರಿನಲ್ಲಿ ತೊಳೆದುಹೋಗಲಿಲ್ಲ. ಬಾಡಿಗೆ ಮನೆ ಕೇಳುವಾಗ, ಮದುವೆಯ ಮಾತಾಡುವಾಗ ಅದು ಹಾಗೆಯೇ ಇತ್ತು. ಮಗನ ಓದಿಗಾಗಿ, ಮಗಳ ನೌಕರಿಗಾಗಿ ತಮ್ಮ ಹೆಸರನ್ನು ಸದಸ್ಯರ ಪಟ್ಟಿಯಿಂದ ತೆಗೆಯಿರಿ ಎಂದು ಕೇಳಿಕೊಂಡವರಿದ್ದಾರೆ. ಹಿಂದಿನ ಬೆಂಚಿನಲ್ಲಿ ಕುಳಿತು, ಹಾಡಿ, ಪ್ರಾರ್ಥಿಸಿ, ಕಾಣಿಕೆ ಹಾಕಿ, ಆದರೆ ಯಾವ ಪುಸ್ತಕದಲ್ಲೂ ಹೆಸರು ಬರೆಸದೆ ಬಾಳಿ ತೀರಿಹೋದವರೂ ಇದ್ದಾರೆ. ಒಂದು ಕಾಲದ ಹಿರಿಯರು ಅವರನ್ನು ಕಠಿಣವಾಗಿ ಕಂಡರು, ಶಿಸ್ತುಕ್ರಮದ ಮಾತಾಡಿದರು. ಅದು ಅನ್ಯಾಯವೆಂದು ನನಗೆ ತೋರುತ್ತದೆ: ಸರ್ಕಾರ ಹಾಕಿದ ಇಕ್ಕಟ್ಟಿನ ಶಿಕ್ಷೆಯನ್ನು ಬಡವನೊಬ್ಬ ಎರಡು ಕಡೆ ಅನುಭವಿಸಬೇಕಾಯಿತು. ಈ ಸಂಗತಿಯನ್ನು ಬರೆಯುತ್ತೇನೆ, ಯಾರೊಬ್ಬರ ಹೆಸರನ್ನೂ ಬರೆಯುವುದಿಲ್ಲ. ಅವರ ಮಕ್ಕಳು ಮೊಮ್ಮಕ್ಕಳು ಇದೇ ಊರಿನಲ್ಲಿದ್ದಾರೆ.

ಕಟ್ಟಡದ ಕಥೆ ಚಿಕ್ಕದು. ಲೈನ್ ಮನೆಯಿಂದ ತಟ್ಟಿಯ ಗುಡಿಸಲಿಗೆ, ಅಲ್ಲಿಂದ ಮಂಗಳೂರು ಹೆಂಚಿನ ಮಂದಿರಕ್ಕೆ ಬಂದೆವು; ಹಣ ಹೊರಗಿನಿಂದ ಬರಲಿಲ್ಲ, ಸಂಬಳದ ದಿನದ ಕಾಣಿಕೆಯಿಂದಲೂ ಸುಗ್ಗಿ ಹಬ್ಬದಲ್ಲಿ ತಂದ ಅಕ್ಕಿ, ಕುಂಬಳಕಾಯಿ, ಕೋಳಿಗಳ ಹರಾಜಿನಿಂದಲೂ ಕೂಡಿತು.

ಇತ್ತೀಚಿನ ದಶಕಗಳ ನಡಾವಳಿ ತೆಳುವಾಗುತ್ತ ಬಂದಿದೆ. ಉಕ್ಕಿನ ಕಾರ್ಖಾನೆ ಕೇಂದ್ರದ ಉಕ್ಕು ಪ್ರಾಧಿಕಾರದ ಕೈಸೇರಿದ ಮೇಲೂ ಚೇತರಿಸಿಕೊಳ್ಳಲಿಲ್ಲ, ಕಾಗದ ಕಾರ್ಖಾನೆಯ ಉತ್ಪಾದನೆ 2015ರಲ್ಲಿ ನಿಂತುಹೋಯಿತು, 2023ರ ಆರಂಭದಲ್ಲಿ ಉಕ್ಕಿನ ಕಾರ್ಖಾನೆಯನ್ನೇ ಮುಚ್ಚುವ ತೀರ್ಮಾನ ಹೊರಬಿದ್ದಾಗ ಗುತ್ತಿಗೆ ಕಾರ್ಮಿಕರು ಧರಣಿ ಕುಳಿತರು. ನಮ್ಮ ಸಭೆಯ ಚರಿತ್ರೆ ಆ ಕುಲುಮೆಯ ಚರಿತ್ರೆಯೊಂದಿಗೆ ಹೆಣೆದುಕೊಂಡಿದೆ; ಅಲ್ಲಿ ಪಾಳಿ ಕಡಿಮೆಯಾದಾಗಲೆಲ್ಲ ಇಲ್ಲಿ ಬೆಂಚು ಖಾಲಿಯಾಗಿದೆ. ಸಂಜೆಯ ಆರಾಧನೆ ನಿಂತಿದೆ. ಯುವಕರು ಬೆಂಗಳೂರಿಗೆ ಹೋಗಿದ್ದಾರೆ, ಅಲ್ಲಿ ದೊಡ್ಡ ಸಭೆಗಳನ್ನು ಸೇರಿಕೊಂಡಿದ್ದಾರೆ, ಕ್ರಿಸ್‌ಮಸ್‌ಗೆ ಬರುತ್ತಾರೆ. ಆದರೆ ಸದಸ್ಯತ್ವ ವರ್ಗಾವಣೆಯ ಪತ್ರವನ್ನು ಮಾತ್ರ ಬಹಳ ಜನ ಕೇಳಿಲ್ಲ. ಇಲ್ಲಿಯ ಪಟ್ಟಿಯಲ್ಲಿ ಹೆಸರನ್ನು ಹಾಗೆಯೇ ಬಿಟ್ಟುಕೊಂಡಿದ್ದಾರೆ.

ಪುಸ್ತಕವನ್ನು ಹೇಗೆ ಜೋಡಿಸಬೇಕೆಂಬುದರಲ್ಲಿ ಮಾತ್ರ ಸಮಿತಿಯ ಕೆಲವರಿಗೂ ನನಗೂ ಭಿನ್ನಾಭಿಪ್ರಾಯವಿತ್ತು. ಸಭಾಪಾಲಕರ ಅವಧಿಯ ಪ್ರಕಾರ ಅಧ್ಯಾಯಗಳಿರಬೇಕು, ಪ್ರತಿಯೊಬ್ಬರ ಭಾವಚಿತ್ರವಿರಬೇಕು ಎಂಬುದು ಅವರ ಸಲಹೆ; ಬೇರೆ ಸಭೆಗಳ ಸ್ಮರಣ ಸಂಚಿಕೆಗಳೆಲ್ಲ ಹಾಗೆಯೇ ಇರುತ್ತವೆ. ಸಭಾಪಾಲಕರ ಸೇವೆಯನ್ನು ನಾನು ಕಡಿಮೆ ಮಾಡುತ್ತಿಲ್ಲ, ಆದರೆ ನಮ್ಮ ಸಭೆ ಎಷ್ಟೋ ವರ್ಷ ಸಭಾಪಾಲಕರಿಲ್ಲದೆ ನಡೆದಿದೆ, ಸದಸ್ಯರಿಲ್ಲದೆ ಒಂದು ದಿನವೂ ನಡೆದಿಲ್ಲ. ಆದ್ದರಿಂದ ದೀಕ್ಷಾಸ್ನಾನದ ದಾಖಲೆಯೇ ಪುಸ್ತಕದ ಬೆನ್ನೆಲುಬಾಗಿರಲಿ, ಮೊದಲ ಹೆಸರಿನಿಂದ ಕೊನೆಯ ಹೆಸರಿನವರೆಗೆ ಎಲ್ಲರೂ ನೀರಿಗಿಳಿದ ಕ್ರಮದಲ್ಲೇ ಬರಲಿ, ಅವರವರ ಕಾಲದ ತೀರ್ಮಾನಗಳೂ ಮರಣಗಳೂ ಅಲ್ಲಲ್ಲಿಗೆ ಸೇರಲಿ ಎಂದು ಕೇಳಿಕೊಂಡೆ. ಚರ್ಚೆ ಹೊತ್ತಾಗುವವರೆಗೆ ನಡೆದು, ಕೊನೆಗೆ ಎಂದಿನಂತೆ ಕೈಯೆತ್ತಿಸಿದಾಗ ಹೆಚ್ಚಿನವರು ಇದಕ್ಕೆ ಒಪ್ಪಿದರು. ದಾಖಲೆಗಳ ಪುಟಗಳನ್ನು ಈಗ ಒಂದೊಂದಾಗಿ ಛಾಯಾಚಿತ್ರ ತೆಗೆದು ನಕಲು ಮಾಡುತ್ತಿದ್ದೇವೆ. ಕರಡು ಸಿದ್ಧವಾದ ಮೇಲೆ ಅದನ್ನು ಸಭಾಕೂಟದಲ್ಲಿ ಓದಿ, ತಿದ್ದುಪಡಿಗಳನ್ನು ಎಲ್ಲರೂ ಒಪ್ಪಿದ ನಂತರವೇ ಅಚ್ಚಿಗೆ ಕೊಡಬೇಕೆಂದು ಅದೇ ಕೂಟದಲ್ಲಿ ನಿರ್ಣಯವಾಗಿದೆ.